ಅಣಬೆ ಆಹಾರ ಮತ್ತು ನಮ್ಮ ಆರೋಗ್ಯ

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸ)

 

ಇಂದು ನನಗೆ ಕೊಟ್ಟಿರುವ ವಿಷಯ ಅಣಬೆ. ವಿಷಯ ಕೇಳಿದ ಕೂಡಲೇ ಕೆಲವರು ನಕ್ಕಿದ್ದನ್ನು ನಾನು ಗಮನಿಸಿದೆ. ತಪ್ಪೇನಿಲ್ಲ. ಈ ಪದಾರ್ಥಕ್ಕೆ ನಮ್ಮ ಭಾಷೆಗಳು ಮರ್ಯಾದೆಯ ಹೆಸರನ್ನೇ ಕೊಟ್ಟಿಲ್ಲ. ಕನ್ನಡದಲ್ಲಿ ನಾಯಿಕೊಡೆ ಎನ್ನುತ್ತೇವೆ. ಉರ್ದುವಿನಲ್ಲಿ ಸಾಂಪ್ ಕೀ ಛತ್ರೀ, ಅಂದರೆ ಹಾವಿನ ಕೊಡೆ ಎನ್ನುತ್ತೇವೆ. ನಾಯಿಗೂ ಹಾವಿಗೂ ಸೇರಿದ್ದನ್ನು ತಟ್ಟೆಗೆ ಹಾಕಿಕೊಳ್ಳುವುದು ಹೇಗೆ ಎಂದು ನಮ್ಮ ಹಿರಿಯರು ದೂರವಿಟ್ಟರು. ಆ ಹೆಸರಿನಲ್ಲಿರುವ ಹೆದರಿಕೆಗೆ ಒಂದು ಕಾರಣವೂ ಇದೆ. ಅದನ್ನು ಮೊದಲು ಹೇಳಿ ನಂತರ ಪೋಷಕಾಂಶಗಳಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಏಳನೇ ತರಗತಿಗೆ ಆಹಾರದ ಪಾಠ ಮಾಡುತ್ತಿದ್ದೆ. ಸಸಾರಜನಕ, ಜೀವಸತ್ವ ಎಂದೆಲ್ಲ ವಿವರಿಸಿ, ಅಣಬೆ ಬಹಳ ಪೌಷ್ಟಿಕ ಆಹಾರ ಎಂದು ಹೇಳಿ ಪಾಠ ಮುಗಿಸಿದೆ. ಅದು ಮಳೆಗಾಲ. ಅದೇ ವಾರ ಒಬ್ಬ ಹುಡುಗ ಕಾಲುವೆಯ ದಂಡೆಯಲ್ಲಿ ಹುಲ್ಲಿನ ನಡುವೆ ಎದ್ದಿದ್ದ ಬಿಳಿ ಅಣಬೆಗಳನ್ನು ಚೀಲದ ತುಂಬ ಕಿತ್ತು ಮನೆಗೆ ಒಯ್ದ. ತಾಯಿ ಉಳ್ಳಾಗಡ್ಡಿ ಹಾಕಿ ಪಲ್ಯ ಮಾಡಿದರು. ಊಟವಾಗಿ ಎರಡು ತಾಸಿನೊಳಗೆ ಮನೆಯ ನಾಲ್ಕು ಜನರಿಗೂ ವಾಂತಿ ಭೇದಿ ಆರಂಭವಾಯಿತು. ರಾತ್ರಿಯೇ ಆಸ್ಪತ್ರೆಗೆ ಒಯ್ದು ಸಲೈನ್ ಹಾಕಿಸಿದರು. ಅಲ್ಲಾಹನ ಕೃಪೆಯಿಂದ ಮೂರು ದಿನಗಳಲ್ಲಿ ಎಲ್ಲರೂ ಗುಣಮುಖರಾದರು. ಆ ತಾಯಿ ಶಾಲೆಗೆ ಬಂದು, ಜಗಳ ಮಾಡದೆ, ಮೆಲ್ಲಗೆ ಕೇಳಿದ್ದು ಇಷ್ಟೇ: 'ಟೀಚರ್, ಅಚ್ಛಾ ಹೈ ಕತೆ ಆಪೀಚ್ ಬೋಲೆ ನಾ?' ಒಳ್ಳೆಯದು ಅಂತ ನೀವೇ ಹೇಳಿದಿರಲ್ಲ ಎಂದು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಅರ್ಧ ಪಾಠ ಮಾಡಿದ್ದೆ. ಯಾವ ಅಣಬೆ, ಎಲ್ಲಿಯದು, ಎಷ್ಟು ಎಂಬ ಉಳಿದ ಅರ್ಧವನ್ನು ಬಿಟ್ಟಿದ್ದೆ. ಇಂದಿನ ಉಪನ್ಯಾಸವನ್ನು ಆ ಬಿಟ್ಟ ಪಾಠವೆಂದು ತಿಳಿಯಿರಿ.

ಮೊದಲನೆಯದಾಗಿ ಅಣಬೆ ಎಂದರೇನು? ಅದು ಸಸ್ಯವಲ್ಲ, ಪ್ರಾಣಿಯೂ ಅಲ್ಲ. ಅದು ಶಿಲೀಂಧ್ರ ವರ್ಗಕ್ಕೆ ಸೇರಿದ್ದು. ಅದರಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಸೂರ್ಯನ ಬೆಳಕಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. ಕೊಳೆಯುವ ಹುಲ್ಲು, ಕಟ್ಟಿಗೆ, ಎಲೆಗಳಿಂದ ಪೋಷಣೆ ಪಡೆಯುತ್ತದೆ. ನಾವು ನೋಡುವ ಕೊಡೆ ಕೇವಲ ಅದರ ಹಣ್ಣಿನಂಥ ಭಾಗ. ನಿಜವಾದ ದೇಹ ಬಿಳಿ ನೂಲಿನ ರೂಪದಲ್ಲಿ ಒಳಗೇ ಹರಡಿರುತ್ತದೆ. ರೊಟ್ಟಿಗೆ ಬರುವ ಬೂಷ್ಟು, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್, 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಪೆನಿಸಿಲಿನ್ ಕಂಡುಹಿಡಿದ ಬೂಷ್ಟು, ಇವೆಲ್ಲ ಇದೇ ಕುಟುಂಬದವು. ಒಂದೇ ಕುಟುಂಬದಲ್ಲಿ ಆಹಾರವೂ ಇದೆ, ಔಷಧವೂ ಇದೆ, ವಿಷವೂ ಇದೆ. ಈ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಇನ್ನು ಪೋಷಕಾಂಶಗಳ ವಿಚಾರ. ಹಸಿ ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ ಇರುತ್ತದೆ. 100 ಗ್ರಾಂ ಹಸಿ ಅಣಬೆಯಲ್ಲಿ ಸುಮಾರು 3 ಗ್ರಾಂ ಸಸಾರಜನಕ, ಅರ್ಧ ಗ್ರಾಮಿಗಿಂತ ಕಡಿಮೆ ಕೊಬ್ಬು, 3ರಿಂದ 6 ಗ್ರಾಂ ಶರ್ಕರಪಿಷ್ಟ, 1ರಿಂದ 2 ಗ್ರಾಂ ನಾರು ಇರುತ್ತವೆ. ಕ್ಯಾಲೊರಿ 20ರಿಂದ 35ರವರೆಗೆ ಮಾತ್ರ. ಕೊಲೆಸ್ಟರಾಲ್ ಇಲ್ಲವೇ ಇಲ್ಲ. ಸೋಡಿಯಂ ಅತ್ಯಲ್ಪ, ಪೊಟ್ಯಾಸಿಯಂ 300ರಿಂದ 400 ಮಿಲಿಗ್ರಾಮಿನಷ್ಟಿದೆ. ಬಿ ಗುಂಪಿನ ಜೀವಸತ್ವಗಳು ಅಣಬೆಯ ನಿಜವಾದ ಬಲ. ಒಬ್ಬ ಹೆಣ್ಣುಮಗಳಿಗೆ ದಿನಕ್ಕೆ ಬೇಕಾದ ರೈಬೋಫ್ಲೇವಿನ್‌ನಲ್ಲಿ ಸುಮಾರು ಐದನೇ ಒಂದು ಭಾಗ, ನಯಾಸಿನ್‌ನಲ್ಲಿ ಸುಮಾರು ಮೂರನೇ ಒಂದು ಭಾಗ 100 ಗ್ರಾಂ ಅಣಬೆಯಿಂದ ಸಿಗುತ್ತದೆ. ಬಾಯಿಯ ಮೂಲೆ ಒಡೆಯುವುದು, ನಾಲಿಗೆ ಕೆಂಪಾಗಿ ಉರಿಯುವುದನ್ನು ನಮ್ಮ ಮಕ್ಕಳಲ್ಲಿ ಆಗಾಗ ಕಾಣುತ್ತೇವೆ. ರೈಬೋಫ್ಲೇವಿನ್ ಕೊರತೆಯೂ ಅದಕ್ಕೆ ಒಂದು ಕಾರಣ. ಇದಲ್ಲದೆ ತಾಮ್ರ, ಸೆಲೆನಿಯಂ ಎಂಬ ಲವಣಗಳೂ ಅಲ್ಪ ಪ್ರಮಾಣದಲ್ಲಿ ದೊರೆಯುತ್ತವೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ದೂರ ಮಾಡಬೇಕು. 'ಅಣಬೆಯಲ್ಲಿ ಮಾಂಸದಷ್ಟೇ ಸಸಾರಜನಕ' ಎಂದು ಕೆಲವರು ಬರೆಯುತ್ತಾರೆ. ಒಣಗಿಸಿದ ಅಣಬೆಯಲ್ಲಿ ನೂರಕ್ಕೆ 20ರಿಂದ 30 ಭಾಗ ಸಸಾರಜನಕ ಇರುವುದು ನಿಜ. ಆದರೆ ನಾವು ಉಣ್ಣುವುದು ಹಸಿ ಅಣಬೆಯ ಪಲ್ಯ. ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ ಸಸಾರಜನಕ ಇದೆ. ಅಷ್ಟು ಪಡೆಯಲು 200 ಗ್ರಾಂ ಅಣಬೆ ಬೇಕು. 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ ಸುಮಾರು 46 ಗ್ರಾಂ ಸಸಾರಜನಕ ಬೇಕಾಗುತ್ತದೆ. ಆದ್ದರಿಂದ ತೊಗರಿಬೇಳೆ, ಕಡಲೆ, ಶೇಂಗಾ, ಮೊಟ್ಟೆ ಬಿಟ್ಟು ಅಣಬೆ ತಿನ್ನಿ ಎಂದು ನಾನು ಹೇಳುವುದಿಲ್ಲ. ಅವುಗಳ ಜೊತೆಗೆ ಅಣಬೆಯನ್ನೂ ತಿನ್ನಿ ಎನ್ನುತ್ತೇನೆ.

ಎರಡನೆಯ ತಪ್ಪು ತಿಳುವಳಿಕೆ ರಕ್ತಹೀನತೆಯ ಬಗ್ಗೆ. ಇದು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಮುಖ್ಯ ಸಮಸ್ಯೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಬೀಳುವ ಹುಡುಗಿಯರನ್ನು ಶಿಕ್ಷಕರಾದ ನಾವು ನೋಡುತ್ತಲೇ ಇರುತ್ತೇವೆ. ಅಣಬೆ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ಮಾತನ್ನು ನಂಬಿ ಮಾತ್ರೆ ಬಿಡಬೇಡಿ. ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. 100 ಗ್ರಾಂ ಅಣಬೆಯಲ್ಲಿ ಇರುವುದು ಅರ್ಧದಿಂದ ಒಂದೂಕಾಲು ಮಿಲಿಗ್ರಾಂ ಮಾತ್ರ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಊಟದ ನಂತರ ನುಂಗಬೇಕು, ಜಂತುಹುಳುವಿನ ಮಾತ್ರೆಯನ್ನೂ ತೆಗೆದುಕೊಳ್ಳಬೇಕು. ಅದೇ ರೀತಿ ಬಿ 12 ಜೀವಸತ್ವಕ್ಕೂ ಅಣಬೆಯನ್ನು ನಂಬಲಾಗದು. ಅದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಸಿಗುತ್ತದೆ.

2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಆರಂಭವಾದಾಗ ಮೊದಲ ಏಳು ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದಾಗಿತ್ತು. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗಲೂ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಕೊಪ್ಪಳವಿತ್ತು. ಅಪೌಷ್ಟಿಕತೆ ನಮ್ಮ ಕಡೆ ಹೆಚ್ಚು ಇದ್ದುದು ಇದಕ್ಕೆ ಒಂದು ಕಾರಣ. ಈ ಮಾತು ನಮಗೆ ಹೆಮ್ಮೆಯದಲ್ಲ, ಎಚ್ಚರಿಕೆಯದು. ಶಾಲೆಯ ಊಟ ಶಾಲೆಯಲ್ಲಿ ಆಗುತ್ತದೆ. ಮನೆಯ ತಟ್ಟೆಯ ಜವಾಬ್ದಾರಿ ನಮ್ಮದೇ.

ಹಾಗಾದರೆ ಅಣಬೆಯಿಂದ ಯಾರಿಗೆ ಹೆಚ್ಚು ಪ್ರಯೋಜನ? ನನ್ನ ಅಭಿಪ್ರಾಯದಲ್ಲಿ ಮನೆಯ ಹಿರಿಯರಿಗೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಇಂದು ಪ್ರತಿ ಮೊಹಲ್ಲಾದಲ್ಲಿ, ಪ್ರತಿ ಓಣಿಯಲ್ಲಿ ಇವೆ. ಮದುವೆಯ ಬಿರಿಯಾನಿ, ಸಂಜೆಯ ಮಿರ್ಚಿ ಭಜಿ, ದಿನಕ್ಕೆ ಐದಾರು ಕಪ್ ಸಕ್ಕರೆ ಚಹಾ ನಮ್ಮ ಅಭ್ಯಾಸವಾಗಿವೆ. ಅಣಬೆಯಲ್ಲಿ ಶರ್ಕರಪಿಷ್ಟ ಕಡಿಮೆ ಇರುವುದರಿಂದ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಉಪ್ಪಿನಂಶ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಇರುವುದು ರಕ್ತದೊತ್ತಡದವರಿಗೆ ಅನುಕೂಲ. ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಏರುವುದಿಲ್ಲ. ಮಾಂಸದಂಥ ರುಚಿ ಇರುವುದರಿಂದ ಕೀಮಾದಲ್ಲಿ ಅರ್ಧ ಮಾಂಸ, ಅರ್ಧ ಸಣ್ಣಗೆ ಹೆಚ್ಚಿದ ಅಣಬೆ ಹಾಕಿದರೆ ಕೊಬ್ಬು ಕಡಿಮೆಯಾಗುತ್ತದೆ, ರುಚಿ ಉಳಿಯುತ್ತದೆ. ಆದರೆ ಅಣಬೆ ಊಟವೇ ಹೊರತು ಮಾತ್ರೆಯಲ್ಲ. ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಬಾರದು. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಮಿತಿಯಲ್ಲಿರುವವರು ಮತ್ತು ಯೂರಿಕ್ ಆಮ್ಲದ ಕೀಲುನೋವು ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ತಾಯಂದಿರು ಗಮನಿಸಬೇಕಾದ ಇನ್ನೊಂದು ಗುಣ ಇದೆ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತುವಿದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅದು ಡಿ ಜೀವಸತ್ವವಾಗಿ ಮಾರ್ಪಡುತ್ತದೆ. ಕತ್ತಲೆ ಕೋಣೆಯಲ್ಲಿ ಬೆಳೆದ ಅಣಬೆಯಲ್ಲಿ ಡಿ ಜೀವಸತ್ವ ಬಹಳ ಕಡಿಮೆ. ಅದೇ ಅಣಬೆಯನ್ನು ಹೋಳು ಮಾಡಿ, ಅಡುಗೆಗೆ ಮುಂಚೆ ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ತಾಸಿನಿಂದ ಒಂದು ತಾಸು ಇಟ್ಟರೆ ಅದು ಹಲವು ಪಟ್ಟು ಹೆಚ್ಚುತ್ತದೆ. ಮನೆಯೊಳಗೇ ಹೆಚ್ಚು ಹೊತ್ತು ಕಳೆಯುವ ಹೆಣ್ಣುಮಕ್ಕಳಲ್ಲಿ, ವೃದ್ಧರಲ್ಲಿ ಈ ಜೀವಸತ್ವದ ಕೊರತೆಯಿಂದ ಮೂಳೆನೋವು ಸಾಮಾನ್ಯ. ನಮ್ಮ ಊರಿನಲ್ಲಿ ಬಿಸಿಲಿಗೇನೂ ಬರವಿಲ್ಲ. ಅಣಬೆಯ ಜೊತೆಗೆ ನಾವೂ ಸ್ವಲ್ಪ ಹೊತ್ತು ಬಿಸಿಲಿಗೆ ಕುಳಿತರೆ ಇನ್ನೂ ಉತ್ತಮ.

ಕ್ಯಾನ್ಸರ್ ಗುಣವಾಗುತ್ತದೆ ಎಂಬ ಪ್ರಚಾರವನ್ನೂ ನೀವು ಮೊಬೈಲಿನಲ್ಲಿ ನೋಡಿರಬಹುದು. ಜಪಾನಿನಲ್ಲಿ ಶಿಟಾಕೆ ಎಂಬ ಅಣಬೆಯಿಂದ ಬೇರ್ಪಡಿಸಿದ ಲೆಂಟಿನಾನ್ ಎಂಬ ವಸ್ತುವನ್ನು ಚುಚ್ಚುಮದ್ದಾಗಿ, ಕ್ಯಾನ್ಸರಿನ ಮುಖ್ಯ ಚಿಕಿತ್ಸೆಯ ಜೊತೆಗೆ ಬಳಸಿದ್ದಾರೆ. ಅದು ಆಸ್ಪತ್ರೆಯ ಮಾತು. ಪಲ್ಯ ತಿಂದು ಕ್ಯಾನ್ಸರ್ ಗುಣಪಡಿಸಿಕೊಳ್ಳುವ ಮಾತಲ್ಲ. ಅಣಬೆ ಪುಡಿಯ ಡಬ್ಬಿಗಳನ್ನು ದುಬಾರಿ ಬೆಲೆಗೆ ಕೊಂಡು ಮೋಸ ಹೋಗಬೇಡಿ.

ಆತ್ಮೀಯರೇ, ಈ ಸಭೆಯಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆಂದು ನನಗೆ ಗೊತ್ತು. ಅಣಬೆಯ ನೀರು ಕಣ್ಣಿಗೆ ಶಿಫಾ ಎಂದು ಹದೀಸಿನಲ್ಲಿ ಇದೆಯಲ್ಲವೇ? ಉರ್ದು ಕಲಿಸುವವಳಾಗಿ ಇದನ್ನು ವಿವರಿಸುವುದು ನನ್ನ ಕರ್ತವ್ಯ. ಹಜ್ರತ್ ಸಈದ್ ಬಿನ್ ಜೈದ್ ರಜಿ. ಅವರಿಂದ ವರದಿಯಾಗಿ ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಇರುವ ಆ ಹದೀಸಿನಲ್ಲಿ ಬಂದಿರುವ ಅರಬಿ ಪದ ಕಮ್‌ಅ. ಉರ್ದು ಅನುವಾದಗಳಲ್ಲಿ ಅದನ್ನು ಖುಂಬಿ ಎಂದು ಬರೆಯುತ್ತಾರೆ. ಖುಂಬಿ ಎಂದೊಡನೆ ನಮ್ಮ ಕಣ್ಣಿಗೆ ಕೊಡೆಯಾಕಾರದ ಅಣಬೆ ಬರುತ್ತದೆ. ಆದರೆ ಅರಬರು ಕಮ್‌ಅ ಎನ್ನುವುದು ಮರುಭೂಮಿಯಲ್ಲಿ ಮಳೆಯಾದ ನಂತರ ಮರಳಿನ ಅಡಿಯಲ್ಲಿ, ಆಲೂಗಡ್ಡೆಯ ಆಕಾರದಲ್ಲಿ ಬೆಳೆಯುವ ಟ್ರಫಲ್ ಎಂಬ ಶಿಲೀಂಧ್ರಕ್ಕೆ. ಅದಕ್ಕೆ ಕೊಡೆಯೂ ಇಲ್ಲ, ಕಾಂಡವೂ ಇಲ್ಲ. ಬಿತ್ತದೆ, ನೀರುಣಿಸದೆ ತಾನಾಗಿ ದೊರೆಯುವ ಆಹಾರ ಅದು. ಆದ್ದರಿಂದ ಅಂಗಡಿಯ ಅಣಬೆಯನ್ನಾಗಲಿ, ಹೊಲದ ನಾಯಿಕೊಡೆಯನ್ನಾಗಲಿ ಹಿಂಡಿ ಕಣ್ಣಿಗೆ ಹಾಕುವುದು ಹದೀಸಿನ ಪಾಲನೆಯಲ್ಲ. ಕಣ್ಣು ಕೆಡಿಸಿಕೊಳ್ಳುವ ದಾರಿ. ಕಣ್ಣಿನ ತೊಂದರೆಗೆ ಕಣ್ಣಿನ ವೈದ್ಯರ ಬಳಿಗೇ ಹೋಗಿ. ಒಂದು ಪದದ ಅನುವಾದ ಇಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದನ್ನು ಭಾಷೆ ಕಲಿಯುವ ವಿದ್ಯಾರ್ಥಿಗಳು ಗಮನಿಸಬೇಕು.

ಈಗ ನಾನು ಅಂದು ಬಿಟ್ಟ ಅತಿ ಮುಖ್ಯ ಭಾಗಕ್ಕೆ ಬರುತ್ತೇನೆ. ಹೊಲ, ಬದು, ಕಾಲುವೆ ದಂಡೆ, ಗುಡ್ಡದಲ್ಲಿ ತಾನಾಗಿ ಎದ್ದ ಅಣಬೆಯನ್ನು ಗುರುತು ತಿಳಿಯದೆ ಎಂದಿಗೂ ತಿನ್ನಬೇಡಿ. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ತಿನ್ನಬಹುದು, ಬೆಳ್ಳುಳ್ಳಿ ಬಣ್ಣ ಬದಲಿಸದಿದ್ದರೆ ತಿನ್ನಬಹುದು, ಹುಳು ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವ ಪರೀಕ್ಷೆಗಳೆಲ್ಲ ಸುಳ್ಳು. ಅತ್ಯಂತ ವಿಷಕಾರಿ ಅಣಬೆಯ ವಿಷ ಕುದಿಸಿದರೂ ಹೋಗುವುದಿಲ್ಲ. ರುಚಿಯೂ ಕೆಟ್ಟದಾಗಿರುವುದಿಲ್ಲ. ಗಂಗಾವತಿ ಭಾಗದವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಭತ್ತದ ಹುಲ್ಲಿನಲ್ಲಿ ಬೆಳೆಯುವ ತಿನ್ನಬಹುದಾದ ಒಂದು ಅಣಬೆ ಎಳೆಯದಿರುವಾಗ ಮೊಟ್ಟೆಯಾಕಾರದಲ್ಲಿರುತ್ತದೆ. ಪ್ರಾಣ ತೆಗೆಯುವ ಅಮಾನಿಟಾ ಜಾತಿಯ ಅಣಬೆಯೂ ಎಳೆಯದಿರುವಾಗ ಹಾಗೆಯೇ ಕಾಣುತ್ತದೆ. ಅನುಭವಿಗಳೂ ಇವೆರಡನ್ನು ಅದಲುಬದಲು ಮಾಡಿ ಮೋಸ ಹೋದದ್ದುಂಟು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಚಹಾತೋಟದ ಬಡ ಕುಟುಂಬದವರು. ಅವರೂ ಹೊಟ್ಟೆಪಾಡಿಗಾಗಿ ಕಿತ್ತು ತಂದವರೇ.

ಯಾರಾದರೂ ತಿಳಿಯದೆ ತಿಂದು ವಾಂತಿ ಆರಂಭವಾದರೆ ಮನೆಮದ್ದು ಮಾಡುತ್ತಾ ಕೂಡಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆಯನ್ನು ಅಥವಾ ಅದರ ಫೋಟೋವನ್ನು ಜೊತೆಗೆ ಒಯ್ಯಿರಿ. ಊಟವಾಗಿ ಒಂದೆರಡು ತಾಸಿನಲ್ಲಿ ಬರುವ ವಾಂತಿಗಿಂತ, ಆರು ತಾಸು ಕಳೆದ ಮೇಲೆ ಬರುವ ವಾಂತಿ ಹೆಚ್ಚು ಅಪಾಯದ್ದು. ಅಂಥವರಿಗೆ ಮರುದಿನ ಸುಧಾರಿಸಿದಂತೆ ಕಂಡರೂ ಒಳಗೆ ಯಕೃತ್ತು ಹಾಳಾಗುತ್ತಿರಬಹುದು.

ಹಾಗಾದರೆ ಯಾವ ಅಣಬೆ ತಿನ್ನಬೇಕು? ಬೆಳೆಸಿದ ಅಣಬೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಬಿಳಿ ಗುಂಡು ಅಣಬೆ ಅಥವಾ ಬಟನ್ ಅಣಬೆ ಒಂದು. ಅದಕ್ಕೆ ತಂಪು ಹವೆ ಬೇಕು, ನಮ್ಮಲ್ಲಿ ಬೆಳೆಯುವುದು ಕಷ್ಟ. ಎರಡನೆಯದು ಚಿಪ್ಪು ಅಣಬೆ. ಇದಕ್ಕೆ 20ರಿಂದ 30 ಡಿಗ್ರಿ ಉಷ್ಣತೆ ಸಾಕು. ಮಳೆಗಾಲದಿಂದ ಚಳಿಗಾಲದವರೆಗೆ ನಮ್ಮ ಕಡೆ ಮನೆಯಲ್ಲೇ ಬೆಳೆಯಬಹುದು. ಮೂರನೆಯದು ಹಾಲು ಅಣಬೆ. ಇದು 30ರಿಂದ 35 ಡಿಗ್ರಿಯಲ್ಲೂ ಬರುತ್ತದೆ.

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಗಿದೆ. ಆದರೆ ಯಂತ್ರದಿಂದ ಕೊಯ್ಲಾದ ಮೇಲೆ ಎಷ್ಟೋ ಹುಲ್ಲನ್ನು ಹೊಲದಲ್ಲೇ ಸುಡುತ್ತಾರೆ. ಇತ್ತ ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಬೇಸಿಗೆ ಬಂದರೆ ತಾಜಾ ತರಕಾರಿ ಸಿಗುವುದೇ ಕಷ್ಟ. ಆ ಸುಡುವ ಹುಲ್ಲಿನಿಂದಲೇ ಚಿಪ್ಪು ಅಣಬೆ ಬೆಳೆಯಬಹುದು. ಹೊಲ ಬೇಡ, ಒಂದು ನೆರಳಿನ ಕೋಣೆ ಸಾಕು. ಹುಲ್ಲನ್ನು ಎರಡು ಇಂಚಿನ ತುಂಡು ಮಾಡಿ ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ ಕುದಿಯುವ ನೀರಿನಲ್ಲಿ ಒಂದು ತಾಸು ಇಟ್ಟು, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ ಹೀಗೆ ತುಂಬಿ, ಬಾಯಿ ಕಟ್ಟಿ, ಸಣ್ಣ ತೂತು ಮಾಡಿ ಕತ್ತಲೆಯಲ್ಲಿಡಬೇಕು. 15ರಿಂದ 20 ದಿನಗಳಲ್ಲಿ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಆಗ ಚೀಲ ಕತ್ತರಿಸಿ, ಗಾಳಿ ಬೆಳಕು ಕೊಟ್ಟು, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿದರೆ ವಾರದೊಳಗೆ ಅಣಬೆ ಬರುತ್ತದೆ. ಒಂದು ಕಿಲೋ ಒಣಹುಲ್ಲಿಗೆ ಎರಡು ಮೂರು ಕೊಯ್ಲಿನಲ್ಲಿ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ಪಡೆಯಬಹುದು. ಉಳಿದ ಹುಲ್ಲು ಒಳ್ಳೆಯ ಗೊಬ್ಬರವಾಗುತ್ತದೆ. ಕಪ್ಪು ಅಥವಾ ಹಸಿರು ಬೂಷ್ಟು ಬಂದ ಚೀಲವನ್ನು ದೂರ ಒಯ್ದು ಹುಗಿಯಬೇಕು. ಅಣಬೆಯ ಬೀಜಕಣಗಳು ಕೆಲವರಿಗೆ ಕೆಮ್ಮು, ಉಬ್ಬಸ ತರುವುದರಿಂದ ಮಲಗುವ ಕೋಣೆಯಲ್ಲಿ ಚೀಲ ಇಡಬಾರದು. ಕೊಡೆಯ ಅಂಚು ಮೇಲಕ್ಕೆ ಸುರುಳಿಯಾಗುವ ಮೊದಲೇ ಕೊಯ್ಯಬೇಕು. ಹೆಚ್ಚಿನ ಮಾಹಿತಿಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತೋಟಗಾರಿಕೆ ಇಲಾಖೆಯನ್ನು ಕೇಳಿರಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೀಜವನ್ನೂ ತರಬೇತಿಯನ್ನೂ ಕೊಡುತ್ತದೆ.

ಕೊನೆಯದಾಗಿ ಅಡುಗೆಯ ಮಾತು. ಅಣಬೆಯನ್ನು ಹಸಿಯಾಗಿ ತಿನ್ನಬೇಡಿ. ಬೇಯಿಸಿದರೆ ಸುಲಭವಾಗಿ ಜೀರ್ಣವಾಗುತ್ತದೆ. ನೀರಿನಲ್ಲಿ ನೆನೆಹಾಕದೆ ಬೇಗ ತೊಳೆಯಿರಿ. ಪ್ಲಾಸ್ಟಿಕ್ ಚೀಲದ ಬದಲು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಬಳಸಿ. ಲೋಳೆಯಾದದ್ದು, ವಾಸನೆ ಬಂದದ್ದು ಬೇಡ. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡಿ. ಕುಸುಬಿ ಎಣ್ಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹುರಿದು, ಅಣಬೆ ಹಾಕಿ, ಅದರದೇ ನೀರು ಆರುವವರೆಗೆ ಬೇಯಿಸಿ, ಮೇಲೆ ಶೇಂಗಾ ಪುಡಿ ಉದುರಿಸಿ. ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಪಲ್ಯ ಬೇಕಿಲ್ಲ. ಮೆಂತ್ಯ ಸೊಪ್ಪಿನ ಜೊತೆ, ಮೊಟ್ಟೆಯ ಜೊತೆಯೂ ಚೆನ್ನಾಗಿರುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಇಲ್ಲಿಂದ ಮನೆಗೆ ಹೋಗಿ 'ಟೀಚರ್ ಅಣಬೆ ಒಳ್ಳೆಯದು ಅಂದರು' ಎಂದು ಮಾತ್ರ ಹೇಳಬೇಡಿ. ಬೆಳೆಸಿದ ಅಣಬೆ ಒಳ್ಳೆಯದು, ಬೇಯಿಸಿ ತಿಂದರೆ ಒಳ್ಳೆಯದು, ಬೇಳೆ ಮೊಟ್ಟೆಗಳ ಜೊತೆಗೆ ಒಳ್ಳೆಯದು, ಗುರುತಿಲ್ಲದ್ದನ್ನು ಮುಟ್ಟಬಾರದು ಎಂದು ಪೂರ್ತಿ ಹೇಳಿ. ಆ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಹೋದ ಚಳಿಗಾಲದಲ್ಲಿ ಅವನ ತಾಯಿ ಅಂಗಡಿಯಿಂದ ಅಣಬೆ ತಂದು ಮಾಡಿದ ಪಲ್ಯವನ್ನು ಡಬ್ಬಿಯಲ್ಲಿ ನನಗೆ ಕಳಿಸಿದ್ದರು. ಡಬ್ಬಿ ತೆರೆಯುವ ಮೊದಲು ಯಾವ ಅಣಬೆ ಎಂದು ನಾನೇ ಫೋನ್ ಮಾಡಿ ಕೇಳಿದೆ. ಅವರು ನಕ್ಕರು. ನೀವೂ ಹಾಗೆಯೇ ಕೇಳಿ ತಿನ್ನಿರಿ.